ಆಮೆಯ ಕೈಗೆ ಸಿಕ್ಕ ದೊಡ್ಡ ಡಾಕ್ಟರು

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಬ್ಬ ನಿವೃತ್ತ ಬಸ್ ಕಂಡಕ್ಟರು. ಪೊರೆ ತೆಗೆಸಿಕೊಳ್ಳಲು ಬಂದು ಕಣ್ಣಾಸ್ಪತ್ರೆಯಲ್ಲಿ ಮಲಗಿದ್ದ ಆತನಿಗೆ, ಬೆಳಿಗ್ಗೆ ಕಾಫಿ ತಂದವಳು, "ಪುಣ್ಯವಂತರು ಕಣ್ರೀ ತಾತ ನೀವು, ನಿಮ್ಮ ಆಪರೇಷನ್ನನ್ನ ಮುನ್ನೂರು ಜನ ಡಾಕ್ಟ್ರು ಕೂತು ಟೀವೀಲಿ ನೋಡ್ತಾರಂತೆ" ಎಂದುಬಿಟ್ಟಳು.

ಕಂಡಕ್ಟರು ಯೋಚನೆಗೆ ಬಿದ್ದ. "ಒಬ್ಬ ಡಾಕ್ಟ್ರಿಗೆ ಮುನ್ನೂರು ಜನ ಕಾವಲಾ? ಅಂದ್ಮೇಲೆ ಅವರ ಕೈ ಎಂಥದ್ದೋ ಏನೋ!" ಎಂದು ಪಕ್ಕದ ಹಾಸಿಗೆಯವನಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹಿಂಬಾಗಿಲಿನಿಂದ ಕಂಬಿ ಕಿತ್ತ.

ಸುದ್ದಿ ಕೇಳಿ ದೊಡ್ಡ ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. ಏರಬೇಕಾದ್ದೇ. ಅವರೇನು ಸಾಮಾನ್ಯರೇ? ಹೊಲಿಗೆಯಿಲ್ಲದೆ ಪೊರೆ ತೆಗೆಯುವ ತಮ್ಮದೇ ವಿಧಾನವೊಂದನ್ನು ಮೂವತ್ತು ವರ್ಷ ಹಗಲೂ ರಾತ್ರಿ ಸಂಶೋಧಿಸಿದವರು. ಅವರ ಪುಸ್ತಕ ಓದದೆ ಕಣ್ಣಿನ ಡಾಕ್ಟರಾದವರು ಯಾರೂ ಇಲ್ಲ. ಪೊರೆ ಬಂದವರು ಏನೇನು ನೆಪ ಹೇಳಿ ಅದನ್ನು ಮುಚ್ಚಿಡುತ್ತಾರೆ ಎಂದು ಅವರು ಮಾಡಿದ ಇನ್ನೊಂದು ಅಧ್ಯಯನಕ್ಕೂ ಹೆಸರು ಬಂದಿತ್ತು. ಆ ದಿನ ಆಸ್ಪತ್ರೆಯ ಸಭಾಂಗಣದಲ್ಲೇ ಅವರ ಜೀವಮಾನದ ಸಾಧನೆಗೆ ಪದಕ ಕೊಡುವವರಿದ್ದರು. ಅದಕ್ಕೂ ಮೊದಲು ತಮ್ಮ ವಿಧಾನವನ್ನು ಅವರು ಕೈಯಾರೆ ಮಾಡಿ ತೋರಿಸಬೇಕಿತ್ತು. ಆರು ತಿಂಗಳಿಂದ ಭಾಷಣ, ಸಮ್ಮೇಳನ ಎಂದು ತಿರುಗುತ್ತ ಅವರು ಕತ್ತಿ ಹಿಡಿದಿರಲಿಲ್ಲ. "ಮುದುಕರ ಕಾಲ ಮುಗೀತು ಬಿಡಿ, ಆ ಸಂಶೋಧನೆನೂ ಸರಿಯಿತ್ತೋ ಇಲ್ಲವೋ" ಎಂದು ಹಿಂದಿನಿಂದ ಆಡಿಕೊಳ್ಳುವವರು ಹೆಚ್ಚಿದ್ದರು. ಅವರ ಬಾಯಿ ಮುಚ್ಚಿಸಲು ಇದೊಂದೇ ದಾರಿ.

ಇನ್ನೊಂದು ಸಂಗತಿಯನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಕೆಲವು ತಿಂಗಳಿಂದ ಲೋಕವೆಲ್ಲ ಸ್ವಲ್ಪ ಮಂಜುಮಂಜಾಗಿ ಕಾಣುತ್ತಿತ್ತು. ಆದರೂ ಅವರು ಅಂಜಲಿಲ್ಲ. ವಾರಕ್ಕೊಮ್ಮೆ ಕೋಣೆಯ ಬಾಗಿಲು ಹಾಕಿಕೊಂಡು, ಗೋಡೆಯ ಅಕ್ಷರದ ಹಲಗೆಯ ಮುಂದೆ ಕೂತು, ಕೊನೆಯ ಸಾಲಿನವರೆಗೂ ಗಡಗಡ ಓದಿ, "ಭೇಷ್" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಪರರಿಗೆ ಓದಿಸಿದ ಆ ಹಲಗೆಯನ್ನು ಅವರು ನಿದ್ದೆಗಣ್ಣಲ್ಲೂ ತಪ್ಪಿಲ್ಲದೆ ಒಪ್ಪಿಸಬಲ್ಲರು ಎಂಬುದು ಅವರಿಗೆ ಹೊಳೆದಿರಲಿಲ್ಲ.

ಈಗ ಅವರೇ ಕಂಡಕ್ಟರನ್ನು ಹುಡುಕಿ ಹೊರಟರು. ಕೈ ತೊಳೆಯುವ ಬೋಗುಣಿಯ ಹತ್ತಿರ ಕಂಡಕ್ಟರಂತೆಯೇ ನರೆತಲೆಯ, ದಪ್ಪ ಮೀಸೆಯ ಆಸಾಮಿಯೊಬ್ಬ ಕಂಡ. ದೊಡ್ಡ ಡಾಕ್ಟರು ಗಬಕ್ಕನೆ ತೋಳು ಹಿಡಿದರು.

"ಚಿಕ್ಕ ಮಕ್ಕಳ ಥರ ಹೀಗಾ ಓಡೋದು? ನಡೀರಿ ತಾತ!"

"ರೀ ರೀ, ನಾನು..."

"ಎಲ್ಲಾ ಗೊತ್ತು. ಮೊದಮೊದಲು ಎಲ್ಲರೂ ಹೆದರ್ತಾರೆ." ಮಾತು ಮುಗಿಯುವ ಮೊದಲೇ ಆತನನ್ನು ಕುರ್ಚಿಗೆ ಒತ್ತಿ ಕೂರಿಸಿ, ಪಾಪೆ ಅರಳಿಸುವ ಹನಿಯನ್ನು ಎರಡೂ ಕಣ್ಣಿಗೆ ಧಾರಾಳವಾಗಿ ಸುರಿದರು.

ಹಿಂದೆಯೇ ಓಡಿಬಂದ ಹಿರಿಯ ನರ್ಸಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಸರ್! ಅವರು ಸಭೆಯ ಅಧ್ಯಕ್ಷರು! ನಿಮಗೆ ಪದಕ ಕೊಡೋಕೆ ಬಂದಿರೋರು!"

ಅಧ್ಯಕ್ಷರೂ ಕಣ್ಣಿನ ಡಾಕ್ಟರೇ. ಕಣ್ಣೀರು ಒರೆಸಿಕೊಳ್ಳುತ್ತ ಎದ್ದುನಿಂತರು. "ಅಲ್ರೀ, ಒಂದೇ ಬೆಂಚಲ್ಲಿ ಕೂತು ಓದಿದೋನನ್ನ ಮೊಳದಷ್ಟು ದೂರದಿಂದ ಗುರುತು ಹಿಡಿಯೋಕೆ ಆಗ್ಲಿಲ್ವಲ್ಲ! ಇವತ್ತು ನೀವು ಕತ್ತಿ ಮುಟ್ಟೋ ಹಾಗಿಲ್ಲ. ನಾನು ಬಿಡಲ್ಲ."

ಗದ್ದಲ ಕೇಳಿ ಆಮೆ ಬಂದಳು. ಆಮೆ ಎಂದರೆ ದೊಡ್ಡ ಡಾಕ್ಟರ ಶಿಷ್ಯೆ. ಗುರುಗಳು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಒಂದು ಕಣ್ಣು ಮುಗಿಸಿದರೆ, ಈಕೆ ಮುಗಿಸುವಷ್ಟರಲ್ಲಿ ಮೂರು ಲೋಟ ಕಾಫಿ ಆರಿಹೋಗುತ್ತಿತ್ತು. ಆ ಹೆಸರಿಟ್ಟವರೂ ಗುರುಗಳೇ. ಅವಳು ಗುರುಗಳನ್ನು ಕತ್ತಲ ಕೋಣೆಯ ಯಂತ್ರದ ಮುಂದೆ ಕೂರಿಸಿ, ಬೆಳಕು ಬಿಟ್ಟು, ಸಾವಕಾಶವಾಗಿ ನೋಡಿದಳು.

"ಸರ್, ಎಡಗಣ್ಣಲ್ಲಿ ಪೊರೆ ಚೆನ್ನಾಗಿ ಬಲಿತಿದೆ. ರೋಗಿ ಓಡಿಹೋದ್ರು ಅಂತ ಯಾಕೆ ಚಿಂತೆ? ನೀವೇ ಇದ್ದೀರಲ್ಲ."

ದೊಡ್ಡ ಡಾಕ್ಟರು ಬೆಚ್ಚಿಬಿದ್ದರು. "ಥೂ, ಇದು ಕನ್ನಡಕದ ದೋಷ ಕಣಮ್ಮ."

"ಆ ನೆಪ ನಿಮ್ಮ ಅಧ್ಯಯನದಲ್ಲೇ ಇದೆ ಸರ್."

"ಈ ಬಿಸಿಲು ಕಾಲ ಒಂದು ಕಳೀಲಿ..."

"ಅದೂ ಇದೆ. ಅದಾದ್ಮೇಲೆ ಬರೋದು, ಮಗಳ ಮದುವೆ ಮುಗೀಲಿ ಅನ್ನೋದು."

"ನನಗೆ ಮಗಳೇ ಇಲ್ಲವಲ್ಲೇ!"

"ಹಾಗಾದ್ರೆ ನೆಪ ಮುಗೀತು. ಬನ್ನಿ."

ಕಣ್ಣಿನ ಅಳತೆಯಾಯಿತು, ಹೊಂದುವ ಮಸೂರ ಕಪಾಟಿನಲ್ಲೇ ಸಿಕ್ಕಿತು. ಫೋನಿನಲ್ಲಿ ಹೆಂಡತಿ, "ಮಾಡಿಸ್ಕೊಳ್ಳಿ, ಇನ್ನಾದ್ರೂ ನನ್ನ ಮುಖ ನೋಡ್ತೀರಿ" ಎಂದು ಒಪ್ಪಿಗೆ ಕೊಟ್ಟದ್ದೂ ಆಯಿತು. ಸಾವಿರಾರು ಜನರನ್ನು ಮಲಗಿಸಿದ ಮೇಜಿನ ಮೇಲೆ ದೊಡ್ಡ ಡಾಕ್ಟರು ತಾವೇ ಅಂಗಾತ ಮಲಗಿದರು. ಮರಗಟ್ಟಿಸುವ ಹನಿ ಬಿತ್ತು, ಮುಖದ ಮೇಲೆ ಹಸಿರು ಬಟ್ಟೆ ಹರಡಿತು. ಆದರೆ ಅವರ ಬಾಯಿಗೆ ಹನಿ ಹಾಕುವವರು ಯಾರಿದ್ದಾರೆ?

"ಏನಮ್ಮ, ಇನ್ನೂ ಅಲ್ಲೇ ಇದ್ದೀಯಾ? ನಾನಾಗಿದ್ರೆ ಇಷ್ಟೊತ್ತಿಗೆ ಕೈ ತೊಳೀತಿದ್ದೆ" ಎಂದು ಬಟ್ಟೆಯ ಅಡಿಯಿಂದ ದನಿ ಬಂತು.

"ನೀವಾಗಿದ್ರೆ ಸರ್, 'ಬಾಯಿ ಮುಚ್ಕೊಂಡು ಮಲಗಯ್ಯ' ಅಂತಿದ್ರಿ" ಎಂದಳು ಆಮೆ. ಮೈಕು ತೆರೆದಿತ್ತು. ಸಭಾಂಗಣದಲ್ಲಿ ಮುನ್ನೂರು ಜನ ಗೊಳ್ಳೆಂದು ನಕ್ಕದ್ದು ಗೋಡೆಯಾಚೆಯಿಂದ ಇಲ್ಲಿಗೂ ಕೇಳಿಸಿತು.

ದೊಡ್ಡ ಡಾಕ್ಟರು ಸುಮ್ಮನಾದರು. ಸುಮ್ಮನಾದ ಮೇಲೆ ಅವರಿಗೆ ಒಂದೊಂದೇ ಹೆಜ್ಜೆ ತಿಳಿಯತೊಡಗಿತು. ತಾವು ಬರೆದದ್ದನ್ನು ಅವಳು ಅಕ್ಷರ ಬಿಡದೆ ಮಾಡುತ್ತಿದ್ದಳು. ತಾವು ಅವಸರದಲ್ಲಿ ಹಾರಿಸಿಬಿಡುತ್ತಿದ್ದ ಹೆಜ್ಜೆಗಳನ್ನೂ ಅವಳು ಬಿಡಲಿಲ್ಲ. ಇವಳಿಗೆ ಆಮೆ ಎಂದು ಹೆಸರಿಟ್ಟೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಹಿಡಿಸಲಾರದಷ್ಟು ಹೆಮ್ಮೆಯೂ ಬಂತು.

ಬಟ್ಟೆ ಸರಿಯಿತು. ಬಿಳಿ ಗೋಡೆ ನಿಜಕ್ಕೂ ಬಿಳಿಯಾಗಿ ಕಂಡಿತು. ಶಿಷ್ಯೆಯ ಹುಬ್ಬಿನ ಮೇಲಿದ್ದ ಬೆವರ ಹನಿ ಕಂಡಿತು. ಇಷ್ಟು ವರ್ಷ ಜನ ತಮ್ಮ ಕೈ ಹಿಡಿದು ಯಾಕೆ ಅಳುತ್ತಿದ್ದರು ಎಂಬುದು ಅವರಿಗೆ ಈಗ ಅರ್ಥವಾಯಿತು.

"ಅಳಬೇಡಿ ಸರ್, ಹೊಸ ಕಣ್ಣು" ಎಂದು ಆಮೆ ಗದರಿದಳು.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಆಸ್ಪತ್ರೆಯ ನಿಲುವಂಗಿಯಲ್ಲೇ ಅವರು ವೇದಿಕೆ ಹತ್ತಿದಾಗ ಸಭೆ ಎದ್ದುನಿಂತಿತು. ಪಾಪೆ ಅರಳಿದ ಅಧ್ಯಕ್ಷರಿಗೆ ತಮ್ಮ ಭಾಷಣದ ಒಂದು ಅಕ್ಷರವೂ ಕಾಣದ್ದರಿಂದ ಅವರು ಎರಡೇ ಮಾತಾಡಿದರು. ಅವರ ಅತ್ಯುತ್ತಮ ಭಾಷಣ ಅದೇ ಎಂದು ಎಲ್ಲರೂ ಒಪ್ಪಿದರು. ದೊಡ್ಡ ಡಾಕ್ಟರು ಶಿಷ್ಯೆಯ ಕೈಯನ್ನು ಮೇಲೆತ್ತಿ ಹಿಡಿದು, "ನನ್ನ ಮೂವತ್ತು ವರ್ಷದ ಸಂಶೋಧನೆ ಸರಿಯಿತ್ತಾ ಅಂತ ಕೇಳ್ತಿದ್ದೋರು ಈ ಕೈ ನೋಡ್ಕೊಳ್ಳಿ. ಇದಕ್ಕಿಂತ ಒಳ್ಳೇ ಪುಸ್ತಕ ನಾನು ಬರೆದಿಲ್ಲ" ಎಂದರು. ಚಪ್ಪಾಳೆ ನಿಲ್ಲಲೇ ಇಲ್ಲ. ಆಡಿಕೊಂಡವರೇ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಪದಕ ತೊಟ್ಟು, ಗೆದ್ದ ಎತ್ತಿನಂತೆ ತಲೆ ಎತ್ತಿ ಹೊರಬಂದ ದೊಡ್ಡ ಡಾಕ್ಟರು ನರ್ಸಮ್ಮನಿಗೆ, "ಒಂದು ತಿಂಗಳು ಬಿಟ್ಟು ನಾನೇ ಶುರು ಮಾಡ್ತೀನಿ. ನನ್ನ ರೋಗಿಗಳಿಗೆಲ್ಲ ದಿನ ಕೊಡಿ" ಎಂದರು.

ನರ್ಸಮ್ಮ ಸೆರಗು ಸರಿಮಾಡಿಕೊಂಡರು. "ಸರ್, ಬಲಗಣ್ಣಲ್ಲೂ ಪೊರೆ ಇದೆ. ಒಟ್ಟಿಗೆ ಹೇಳಿದ್ರೆ ನೀವೂ ಹಿಂಬಾಗಿಲು ಹಿಡೀತಿದ್ರಿ ಅಂತ ಡಾಕ್ಟ್ರಮ್ಮ ಹೇಳಲಿಲ್ಲ. ಅದೂ ಆಗೋ ತನಕ ನೀವು ಕತ್ತಿ ಹಿಡಿಯೋ ಹಾಗಿಲ್ಲವಂತೆ."

"ಸರಿ, ಅದನ್ನೂ ಅವಳೇ ಮಾಡ್ಲಿ. ಮುಂದಿನ ವಾರ?"

"ಮುಂದಿನ ವಾರ ಎಲ್ಲಿ ಬಂತು ಸರ್! ಹೊರಗಡೆ ಟೀವೀಲೂ ನಿಮ್ಮ ಆಪರೇಷನ್ನೇ ಬಂತಲ್ಲ. ನಿಮಗೆ ಅಂತ ಕಾದಿದ್ದ ಜನ ಎಲ್ಲಾ, 'ದೊಡ್ಡ ಡಾಕ್ಟ್ರೇ ಯಾರ ಕೈಲಿ ಮಾಡಿಸ್ಕೊಂಡ್ರೋ ನಮಗೂ ಅವರೇ ಬೇಕು' ಅಂತ ಆ ಕಡೆ ತಿರುಗಿಬಿಟ್ರು. ಡಾಕ್ಟ್ರಮ್ಮನ ಕೈ ನಿಮಗೆ ಗೊತ್ತಲ್ಲ, ದಿನಕ್ಕೆ ಎಷ್ಟು ಮಾಡ್ತಾರೆ? ಇನ್ನು ಒಂದು ವರ್ಷ ಪುರುಸೊತ್ತಿಲ್ಲ."

ದೊಡ್ಡ ಡಾಕ್ಟರು ಹೊರಗಿನ ಕೋಣೆಗೆ ಧಾವಿಸಿದರು. ಆಮೆಯ ಬಾಗಿಲಿನಿಂದ ಮೆಟ್ಟಿಲವರೆಗೂ ಜನ. ನೇರ ಬಾಗಿಲಿಗೇ ಹೊರಟವರ ನಿಲುವಂಗಿಯನ್ನು ಕೋಲು ಹಿಡಿದ ಮುದುಕನೊಬ್ಬ ಜಗ್ಗಿದ. ಆತನಿಗೆ ಎರಡೂ ಕಣ್ಣು ಮಸುಕು.

"ಎಲ್ಲಿಗ್ರೀ ನುಗ್ತೀರಿ? ನಾವೇನು ನೊಣ ಹೊಡೆಯೋಕೆ ನಿಂತಿದ್ದೀವಾ?"

"ಅಯ್ಯಾ, ಆ ಡಾಕ್ಟ್ರಮ್ಮನಿಗೆ ಕಲಿಸಿದ್ದೇ ನಾನು!"

"ಈಗಷ್ಟೇ ಒಬ್ಬ ಅವರ ಸೋದರಮಾವ ಅಂತ ಬಂದಿದ್ದ. ಅವನನ್ನೇ ಬಿಡಲಿಲ್ಲ" ಎಂದ ಮುದುಕ. "ಸುಮ್ಮನೆ ಹಿಂದೆ ಹೋಗಿ ನಿಂತ್ಕೊಳ್ಳಿ."

ದೊಡ್ಡ ಡಾಕ್ಟರು ಮೆಟ್ಟಿಲಿಳಿದು, ಸಾಲಿನ ಕೊನೆ ಹುಡುಕಿ ನಿಂತರು.