ಮಾವನ ಡಾಸ್ ಲ್ಯಾಪ್‌ಟಾಪೂ ಎಣ್ಣೆ ಕುಡಿದ ಕಿಂಡಿಯೂ

ನಮ್ಮ ಮಾವನಿಗೆ ಈ ಭೂಮಿಯ ಮೇಲೆ ಎರಡೇ ಶತ್ರುಗಳು. ಒಂದು ಉಪ್ಪುಗಾಳಿ, ಇನ್ನೊಂದು ಮೌಸ್! ಕಡಲ ದಂಡೆಯ ಕೋಡಿ ಊರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡಿಕೊಂಡಿರುವ ಮನುಷ್ಯನಿಗೆ ಉಪ್ಪುಗಾಳಿಯನ್ನು ಕಂಡರಾಗದಿರುವುದು ಸಹಜ. ಹಗಲಿಡೀ ಅವರು ಉಜ್ಜಿ ತೆಗೆಯುವುದು ಅದು ಮೆತ್ತಿಟ್ಟು ಹೋದ ತುಕ್ಕನ್ನೇ. ಆದರೆ ಪಾಪದ ಮೌಸ್ ಏನು ಮಾಡಿತ್ತು? ಕೇಳಿದರೆ, "ಅದನ್ ಹಿಡ್ಕಂಡ್ರೆ ಕೈ ಒಂದ್ ಕಡೆ, ಕಣ್ಣ್ ಒಂದ್ ಕಡೆ. ಹಾಂಗ್ ಕೆಲ್ಸ ಮಾಡ್ರೆ ಬೆರಳ್ ತುಂಡ್ ಆತ್ತ್" ಎನ್ನುತ್ತಾರೆ. ಮೌಸ್ ಹಿಡಿದು ಬೆರಳು ಕಳೆದುಕೊಂಡವರು ಪ್ರಪಂಚದಲ್ಲಿ ಯಾರಾದರೂ ಇದ್ದಾರೆಯೇ? ಇಂಥ ಪ್ರಶ್ನೆಯನ್ನೆಲ್ಲ ಮಾವನ ಹತ್ತಿರ ಕೇಳುವಂತಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಮುಂಬಯಿಯ ಕ್ಯಾಂಟೀನಿನಲ್ಲಿದ್ದ ಅವರ ತಮ್ಮ ಒಂದು ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟ. ತೊಡೆಯ ಮೇಲಿಟ್ಟರೆ ಕಾಲು ಜೋಮು ಹಿಡಿಯುವಷ್ಟು ಭಾರ. ಮಾವ ಮಾಡಿಸಿದ ಮೊದಲ ಕೆಲಸವೆಂದರೆ ಅದರೊಳಗಿನ ವಿಂಡೋಸನ್ನು ಕಿತ್ತು ಹಾಕಿಸಿ ಬರೀ ಡಾಸ್ ಉಳಿಸಿಕೊಂಡದ್ದು. ಕಿತ್ತವನು ನಾನೇ. ಕುಂದಾಪುರದಲ್ಲಿ ಡಿಟಿಪಿ ಅಂಗಡಿ ಇಟ್ಟ ತಪ್ಪಿಗೆ ಇಂಥ ಪಾಪಗಳನ್ನೆಲ್ಲ ಮಾಡಬೇಕಾಗುತ್ತದೆ. ಕಪ್ಪು ಪರದೆ, ಬಿಳಿ ಅಕ್ಷರ, ಮಿಣುಕುವ ಒಂದು ಗೀಟು. "ಇಷ್ಟ್ ಸಾಕ್" ಎಂದರು ಮಾವ.

ಎಂಜಿನ್ ರಿಪೇರಿಯವರಿಗೆ ಲ್ಯಾಪ್‌ಟಾಪ್ ಯಾಕಪ್ಪಾ ಎಂದು ಊರೇ ನಕ್ಕಿತು. ಬೇಕಾಗಿದ್ದದ್ದು ಅತ್ತೆಗಾಗಿ. ಅದರ ಹಿಂದಿನ ವರ್ಷ ಒಂದು ಕೆಟ್ಟ ಜ್ವರ ಬಂದು ಅತ್ತೆಯ ಕಿವಿ ಮುಕ್ಕಾಲುಪಾಲು ಹೋಗಿತ್ತು. ನಮಗೆಲ್ಲ ಹೊಳೆದ ಉಪಾಯ ಒಂದೇ, ಕೂಗುವುದು. ಮಾವ ಮಾತ್ರ ಕೂಗಲಿಲ್ಲ. ಸಂಜೆ ಕೈಯ ಗ್ರೀಸು ತೊಳೆದು ಬಂದು, ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು, ಇಂಗ್ಲಿಷ್ ಅಕ್ಷರದಲ್ಲಿ ಕುಂದಾಪ್ರ ಕನ್ನಡ ಟೈಪ್ ಮಾಡತೊಡಗಿದರು. ಅತ್ತೆಯ ಬಾಯಿಗೇನೂ ಆಗಿರಲಿಲ್ಲ, ಆದರೂ ಅವರೂ ಟೈಪ್ ಮಾಡಿಯೇ ಉತ್ತರ ಕೊಟ್ಟರು. ಮಾವ ಮರೆತಿದ್ದ ಒಂದು ಸಂಗತಿಯೆಂದರೆ ಅತ್ತೆ ಮದುವೆಗೆ ಮೊದಲು ಟೈಪಿಂಗ್ ಪರೀಕ್ಷೆ ಪಾಸು ಮಾಡಿದವರು! ಮಾವನದು ಒಂದು ಬೆರಳು, ಅತ್ತೆಯದು ಹತ್ತು.

ಮಾವ: "ಬಂಗ್ಡಿ ಸಾರಿಗೆ ಹುಳಿ ಜಾಸ್ತಿ ಆಯ್ತ್."

ಅತ್ತೆ: "ಬಂಗ್ಡಿ ತಂದದ್ ಯಾರ್? ನಿನ್ನೆದ್ದ್ ಮೀನ್ ತಂದ್ರೆ ಹುಳಿ ಹಾಕ್ದೆ ಎಂತ ಹಾಕುದ್? ಮೊನ್ನೆಯೂ ಹಾಂಗೇ ಮಾಡಿದ್ರಿ. ಅದ್ರ್ ಮೊದ್ಲೂ ಹಾಂಗೇ."

ಮಾವ ಇದಕ್ಕೆ ಉತ್ತರ ಹುಡುಕಿ ಮೊದಲ ಅಕ್ಷರ ಒತ್ತುವುದರೊಳಗೆ ಅತ್ತೆ ಎದ್ದು ಅಕ್ಕಿ ಕೇರಲು ಹೋಗಿರುತ್ತಿದ್ದರು. ಆ ಮನೆಯಲ್ಲಿ ಅಷ್ಟು ವರ್ಷ ಜಗಳಗಳೆಲ್ಲ ನಡೆದದ್ದು ಹೀಗೆ, ಅಕ್ಕಪಕ್ಕದವರಿಗೆ ಒಂದು ಚೂರೂ ಕೇಳದಂತೆ. ದಿನದ ಮಾತು ಮುಗಿದ ಮೇಲೆ ಮಾವ ಅದನ್ನು ಒಂದು ಫೈಲು ಮಾಡಿ ನಂಬರು ಹಾಕಿ ಇಡುತ್ತಿದ್ದರು.

ಒಂಬತ್ತು ವರ್ಷ ಕಳೆಯಿತು. ಒಂದು ದಿನ ಪರದೆಯ ಕೆಳಗಿನ ಆರು ಸಾಲು ಕಾಣದಾಯಿತು. ಮರುವಾರ ಎಂಟು. ಮಾವ ಸೈಕಲ್ ಹತ್ತಿ ನನ್ನ ಅಂಗಡಿಗೆ ಬಂದರು.

"ಹೊಸತ್ ತಕಣಿ ಮಾವ" ಎಂದೆ.

"ಹೊಸತ್ ತಕಂಬ. ಹಳಿ ಮಾತೆಲ್ಲ ಎಲ್ಲ್ ಹೋತ್ತ್?"

ಸರಿ, ನನ್ನ ಲ್ಯಾಪ್‌ಟಾಪನ್ನೂ ಹಿಡಿದುಕೊಂಡು ಅವರ ಜಗಲಿಗೆ ಹೋಗಿ ಕೂತೆ. ಪರದೆ ಪೂರ್ತಿ ಕಪ್ಪಾಗುವ ಮೊದಲು ಒಂಬತ್ತು ವರ್ಷದ ಮಾತನ್ನು ಹೊರಗೆ ತೆಗೆಯಬೇಕು. ಬಿಚ್ಚಿ ಒಳಗಿನ ಡಿಸ್ಕ್ ತೆಗೆಯೋಣವೆಂದರೆ ಮಾವ ಕೈ ಅಡ್ಡ ಹಿಡಿದರು. "ಸ್ಕ್ರೂ ಉಪ್ಪ್ ಹಿಡ್ದಿತ್ತ್, ತಿರ್ಗಿಸ್ರೆ ಮುರಿತ್ತ್." ಊರಿನ ಎಂಜಿನ್ನುಗಳನ್ನೆಲ್ಲ ಬಿಚ್ಚಿ ಹರಡುವ ಮನುಷ್ಯ! ಫ್ಲಾಪಿಗೆ ಹಾಕೋಣವೆಂದರೆ ಆ ಫ್ಲಾಪಿ ಡ್ರೈವಿಗೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಉಳಿದದ್ದು ಪಕ್ಕದಲ್ಲಿದ್ದ ಒಂದೇ ಒಂದು ಯುಎಸ್‌ಬಿ ಕಿಂಡಿ. ಪೆನ್ ಡ್ರೈವ್ ತೂರಿಸಿದೆ. ಅದು ಹೋದ ಹಾಗೆಯೇ ಜಾರಿ ಹೊರಗೆ ಬಂತು, ಮೈಯೆಲ್ಲ ಎಣ್ಣೆ!

"ಇದೆಂತ ಮಾವ?"

"ಎಣ್ಣಿ ಮಾರಾಯಾ. ಕಿಂಡಿ ಅಂದ್ಮೇಲೆ ಒಂದ್ ಹನಿ ಬಿಡದಿದ್ರೆ ತುಕ್ಕ್ ಹಿಡಿತಿಲ್ಲ್ಯಾ?"

ಒಂಬತ್ತು ವರ್ಷ, ಪ್ರತಿ ಭಾನುವಾರ, ಕೋಳಿಗರಿಯಲ್ಲಿ ಅದ್ದಿ ಅದ್ದಿ ಶುದ್ಧ ತೆಂಗಿನೆಣ್ಣೆ ಬಿಟ್ಟಿದ್ದರಂತೆ. ಅದೊಂದು ಗಾಳಿ ಹೋಗುವ ಕಿಂಡಿ ಎಂದೇ ಅವರು ತಿಳಿದಿದ್ದರು. ಬೈಯೋಣವೆಂದರೆ, ಒಳಗಿನ ತಗಡು ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು. ಅತ್ತೆಯ ಹಳೆ ಸೀರೆಯ ಚೂರನ್ನು ಕಡ್ಡಿಗೆ ಸುತ್ತಿ ಅರ್ಧ ದಿನ ಒರೆಸಿದೆ.

ಅಷ್ಟಾದರೂ ಡಾಸ್ ಎಂಬ ಮುದುಕನಿಗೆ ಪೆನ್ ಡ್ರೈವ್ ಎಂದರೇನೆಂದೇ ಗೊತ್ತಿಲ್ಲ. ಗುರುತು ಹಿಡಿಸಲು ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮು ಬೇಕು, ಅದನ್ನು ಒಳಗೆ ಕಳಿಸಲು ಫ್ಲಾಪಿ ಬೇಕು. ಆ ಕಾಲಕ್ಕೆ ಫ್ಲಾಪಿ ಯಾರ ಹತ್ತಿರವಿದೆ? ಕಡೆಗೆ ಬಾರ್ಕೂರಿನ ಜ್ಯೋತಿಷಿಯೊಬ್ಬರು ಒಂದು ಕೊಟ್ಟರು. ಯಾರದೋ ಜಾತಕ ಅಳಿಸಿ ಡ್ರೈವರ್ ತುಂಬಿಸಿದೆ.

"ಸಮಾ ಒರ್ಸಿದ್ಯಾ? ಅವ್ನ ಶನಿ ನಮ್ಗ್ ಬಪ್ದ್ ಬೇಡ" ಎಂದರು ಮಾವ.

ಬಂದೇ ಬಿಟ್ಟ ಅಂತ ಕಾಣುತ್ತದೆ. ಡ್ರೈವರ್ ಸರಿಯಾಗಿಯೇ ಕೂತಿತು. ನಾನು ಲ್ಯಾಪ್‌ಟಾಪ್ ಶುರು ಮಾಡುವುದು, ಪೆನ್ ಡ್ರೈವ್ ಚುಚ್ಚುವುದು, ಅದು ಯಾವ ಸಾಧನವೂ ಇಲ್ಲ ಎನ್ನುವುದು. ಮೂರು ದಿನ ಇದೇ ಆಟ. ಪರದೆಯಲ್ಲಿ ಅರ್ಧ ಮಾತ್ರ ಉಳಿದಿತ್ತು. ಅತ್ತೆ ಹಟ್ಟಿಯಂಗಡಿ ಗಣಪತಿಗೆ ಪಂಚಕಜ್ಜಾಯ ಹೇಳಿಕೊಂಡರು. ನನ್ನ ಮುಖ ನೋಡಿದರೆ ಇನ್ನೂ ದೊಡ್ಡ ಹರಕೆ ಬೇಕಿತ್ತೇನೋ.

ಮೂರನೆಯ ದಿನ ಸಂಜೆ ಮಾವ ನನ್ನ ಹಿಂದೆ ಬಂದು ನಿಂತು ಪೆನ್ ಡ್ರೈವಿನ ಕಡೆ ಬೆರಳು ತೋರಿಸಿದರು.

"ಹ್ವಾಯ್, ಆ ಕಡ್ಡಿ ಯಾವಾಗ ಹಾಕುದ್ ನೀನ್?"

"ಮಿಷನ್ ಶುರು ಆದ್ಮೇಲೆ."

"ಅಳಿವೆ ದಾಟ್ದ್ ದೋಣಿಗೆ ಜನ ಹತ್ತೂಕ್ ಆತ್ತಾ? ಹತ್ತುವರೆಲ್ಲ ದಡದಗೇ ಹತ್ಕ್. ಬಂದ್ ಮಾಡ್, ಮೊದ್ಲ್ ಕಡ್ಡಿ ಹಾಕ್, ಕಡಿಗ್ ಎಬ್ಸ್."

ಕಂಪ್ಯೂಟರಿನಲ್ಲೇ ಅನ್ನ ಹುಡುಕಿಕೊಂಡವನಿಗೆ ಎಂಜಿನ್ ಮೆಕ್ಯಾನಿಕ್ ಪಾಠ ಹೇಳುವುದೇ? ಒಳಗೊಳಗೇ ಉರಿದುಕೊಂಡು, ಅವರ ಸಮಾಧಾನಕ್ಕೆಂದು ಹಾಗೇ ಮಾಡಿದೆ. ಕಪ್ಪು ಪರದೆಯ ಉಳಿದರ್ಧದಲ್ಲಿ ಅಕ್ಷರಗಳು ಓಡಿದವು. ಪೆನ್ ಡ್ರೈವ್ ಸಿಕ್ಕಿದೆ, ಅದರ ಹೆಸರು ಡಿ ಎಂದು ಡಾಸ್ ಹೇಳಿತು! ನಾನು ಕೂತಲ್ಲೇ ಬೆವರಿದೆ. ಮಾವ ಏನೂ ಆಗದವರಂತೆ ಮೂಗಿಗೆ ನಶ್ಯ ಏರಿಸಿದರು.

ಫೈಲುಗಳೆಲ್ಲ ಒಂದೊಂದಾಗಿ ಪೆನ್ ಡ್ರೈವಿಗೆ ಹತ್ತಿದವು. ನನ್ನ ಲ್ಯಾಪ್‌ಟಾಪಿಗೆ ಅದನ್ನು ಚುಚ್ಚಿದ ಮೇಲೆ ಮಾವ, "ಮೊದ್ಲ್ನೇದ್ ತೆಗಿ" ಎಂದರು. ತೆರೆದೆ. ಎರಡೇ ಸಾಲಿತ್ತು. ಮೊದಲನೆಯದು ಮಾವನದು, ಕೇಳಿಸುತ್ತದಾ ಎಂಬ ಪ್ರಶ್ನೆ.

"ಕೇಂತಾ?"

ಕೆಳಗೆ ಅತ್ತೆಯದು.

"ಕೇಂತ್."

ನಾನು ಅಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿದೆ. "ಅಲ್ಲ ಮಾವ, ಕೆಮಿ ಹತ್ರ ಜೋರಾಗ್ ಹೇಳ್ರೆ ಅತ್ತೆಗ್ ಕೇಂತಲೆ? ಇಷ್ಟ್ ಕಷ್ಟ ಎಂತಕೆ?"

"ಕೇಂತ್ ಮಾರಾಯಾ. ಆದ್ರೆ ಕೂಗಿ ಹೇಳ್ರೆ ಒಳ್ಳೆ ಮಾತೂ ಬೈದಾಂಗೇ ಕೇಂತ್. ಅವ್ಳ್ ಎಂತ ತಪ್ಪ್ ಮಾಡಿದ್ಲ್, ದಿನಾ ಬೈಸ್ಕಂಬುಕೆ?"

ನನಗೆ ನಾಚಿಕೆಯಾಯಿತು. ಒಂಬತ್ತು ವರ್ಷ ಆ ಜಗಲಿ ಹತ್ತಿದಾಗಲೆಲ್ಲ ಅತ್ತೆಯ ಕಿವಿಗೆ ಕೂಗಿದವನು ನಾನು. ಅಷ್ಟರಲ್ಲಿ ಅತ್ತೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಹೊರಡುತ್ತೇನೆಂದು ಕೂಗಲು ಬಾಯಿ ತೆರೆದವನು ಮುಚ್ಚಿಕೊಂಡೆ. ಎರಡು ಸಾಲಿನ ಕೆಳಗೆ ಮೂರನೆಯದನ್ನು ಒತ್ತಿ, ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ.

"ಅತ್ತೆ, ಹೋಯ್ ಬತ್ತೆ."

ಅತ್ತೆ ಓದಿದರು. ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ನನ್ನ ಪಕ್ಕದಲ್ಲೇ ಕೂತು, ಹತ್ತು ಬೆರಳೂ ಆಡಿಸಿದರು.

"ಉಂಡ್ಕಂಡ್ ಹೋಗ್ ಮಗಾ. ಇವತ್ತ್ ಮೀನ್ ತಾಜಾ ಇತ್ತ್."