ಕಲ್ಲು ಬೆರೆಸುವ ಅಕ್ಕೋರು

ನಮ್ಮ ಯಜಮಾನರ ಅಕ್ಕ ತಮ್ಮ ಮನೆಯ ಜೋಳವನ್ನು ಊರ ಮಕ್ಕಳಿಂದ ಹಸನು ಮಾಡಿಸಿಕೊಳ್ಳುತ್ತಿದ್ದರು. ಅದಕ್ಕೆ ಸರಕಾರ ಅವರಿಗೇ ತಿಂಗಳು ತಿಂಗಳು ಪಗಾರ ಕೊಡುತ್ತಿತ್ತು! ನಂಬುವುದಿಲ್ಲವೇ? ನಮ್ಮ ಅತ್ತೆಯೂ ನಂಬಿರಲಿಲ್ಲ. ಆದರೆ ನಾನು ಕಣ್ಣಾರೆ ಕಂಡವಳು. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಿದರೆ ಅದೂ ಖರೆ. ಆ ಹೆಂಗಸಿನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ವಿಜಾಪುರ ಜಿಲ್ಲೆಯ ಸವತಿಯರನ್ನೆಲ್ಲ ಒಂದು ಕಡೆ ಕೂಡಿಸಿದರೂ ಅಷ್ಟಾಗಲಿಕ್ಕಿಲ್ಲ.

ಇದು ಎಪ್ಪತ್ತರ ದಶಕದ ಮಾತು. ಮಕ್ಕಳ ಮನಸ್ಸಿನ ತೊಂದರೆ ಕೇಳುವುದಕ್ಕೆ ಹೈಸ್ಕೂಲಿನಲ್ಲಿ ಒಬ್ಬರು ಇರಬೇಕು ಎಂದು ಮೇಲಿನವರಿಗೆ ಯಾಕೆ ಅನ್ನಿಸಿತೋ ಏನೋ, ಈ ಅಕ್ಕನನ್ನು ಧಾರವಾಡಕ್ಕೆ ಟ್ರೇನಿಂಗಿಗೆ ಕಳಿಸಿ 'ಕೌನ್ಸೆಲರ್' ಮಾಡಿದರು. ಆ ಶಬ್ದ ನಮ್ಮ ಕಡೆ ಯಾರ ನಾಲಿಗೆಗೂ ಹೊರಳಲಿಲ್ಲ. 'ಬುದ್ಧಿ ಹೇಳೂ ಅಕ್ಕೋರು' ಎಂದು ಕರೆದರು. ನಾನೂ ಅಕ್ಕೋರು ಎಂದೇ ಕರೆಯುತ್ತೇನೆ. ತಮಾಷೆ ನೋಡಿ, ಅವರು ಯಾರಿಗಾದರೂ ಬುದ್ಧಿ ಹೇಳಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ! ಬುದ್ಧಿ ಹೇಳುವುದರಲ್ಲಿ ನಾನೇ ಹುಷಾರು, ಬೇಕಾದರೆ ನಮ್ಮ ಓಣಿಯವರನ್ನು ಕೇಳಿ. ಆದರೆ ನನ್ನನ್ನು ಯಾರೂ ಧಾರವಾಡಕ್ಕೆ ಕಳಿಸಲಿಲ್ಲ.

ಅಕ್ಕೋರು ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಪುರಸೊತ್ತ ಆಗಲಿಲ್ರಿ" ಎನ್ನುತ್ತಿದ್ದರು, ಯಾರೋ ಸಂತೆಗೆ ಹೋಗುವುದು ತಪ್ಪಿತು ಎಂದ ಹಾಗೆ. ಕೈಯಲ್ಲಿ ಗಡಿಯಾರ ಕಟ್ಟುತ್ತಿದ್ದರು, ಅದು ನಿಂತು ಯಾವ ಕಾಲವಾಗಿತ್ತೋ! "ರಿಪೇರಿ ಮಾಡಿಸಬಾರದೇನ್ರಿ?" ಎಂದೆ ಒಮ್ಮೆ.

"ಯಾಕ ಮಾಡಸ್ಲಿ? ಹುಡುಗ್ರು ಮಾತಾಡುವಾಗ ನಂಗ ಗಡಿಯಾರ ನೋಡೂ ಚಟ ಐತಿ. ಇದನ್ನ ನೋಡಿದ್ರ ಏನೂ ತಿಳ್ಯಂಗಿಲ್ಲ. ಆರಾಮ ಕುಂಡರ್ತೇನಿ."

ಇಂಥವರಿಗೆ ಏನು ಹೇಳುತ್ತೀರಿ?

ಮೊದಲ ನೇಮಕ ಇಂಡಿಗೆ ಆಯಿತು. ನಾನು ನಾಲ್ಕು ದಿನ ಇದ್ದು ಬರಲು ಹೋಗಿದ್ದೆ. ಸಾಲೆಯಲ್ಲಿ ಅವರಿಗೆ ಕೊಟ್ಟದ್ದು ಮುರಿದ ಬೆಂಚು ಒಟ್ಟುವ ಕೋಣೆ. ಅದರಲ್ಲಿ ಖುರ್ಚಿಯಿಲ್ಲ, ಮೇಜಿಲ್ಲ. ಒಂದು ಚಾಪೆ, ಒಂದು ಮೊರ, ಮೂಲೆಯಲ್ಲಿ ಒಂದು ಚೀಲ ರೇಶನ್ ಅಂಗಡಿಯ ಕೆಂಪು ಜೋಳ. ಆಗ ಬರುತ್ತಿದ್ದ ಆ ಜೋಳದಲ್ಲಿ ಕಾಳು ಹೆಚ್ಚೋ ಕಲ್ಲು ಹೆಚ್ಚೋ ಹೇಳುವುದೇ ಕಷ್ಟವಿತ್ತು. ಮುಖ ಸಣ್ಣದು ಮಾಡಿಕೊಂಡು ಒಂದು ಹುಡುಗಿ ಬಂದಳು. ಏನಾಯಿತು, ಯಾಕೆ ಅಳುತ್ತೀ, ಯಾರು ಬಡಿದರು? ಇದರಲ್ಲಿ ಒಂದನ್ನಾದರೂ ಕೇಳಬೇಡವೇ? ಅಕ್ಕೋರು ಮೊರ ಮುಂದೆ ಸರಿಸಿ, "ಕುಂಡರವಾ, ಒಂದೀಟು ಕೈ ಹಚ್ಚು" ಎಂದು ತಾವು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತುಬಿಟ್ಟರು. ಹುಡುಗಿ ಕಲ್ಲು ಆರಿಸುತ್ತ ಕುಳಿತಳು. ಸ್ವಲ್ಪ ಹೊತ್ತಿಗೆ ಯಾರೂ ಕೇಳದೆ ತಾನೇ ಮಾತಾಡತೊಡಗಿದಳು! ನಾನು ಬಾಗಿಲ ಮರೆಯಲ್ಲಿದ್ದೆ. ಎಷ್ಟು ಕಿವಿ ಚಾಚಿದರೂ ಸರಿಯಾಗಿ ಕೇಳಿಸಲಿಲ್ಲ.

ಹೆಡ್ಮಾಸ್ತರರು ಇಣುಕಿ ನೋಡಿ ಸಿಟ್ಟಾದರು. "ಅಕ್ಕೋರ, ಇದು ಸಾಲಿನೋ, ಗಿರಣಿನೋ?"

"ಸಾಲೀನ ರೀ ಸರ್. ಗಿರಣ್ಯಾಗ ಇಷ್ಟು ಹಸನ ಮಾಡಂಗಿಲ್ರಿ."

ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವ ಉಪಾಯ ಇದು ಎಂದು ನಾನು ತೀರ್ಮಾನಿಸಿದೆ. ನನ್ನ ಮನೆಯಲ್ಲಿ ಒಂದು ಸೇರು ಜೋಳ ಹಸನು ಮಾಡಲು ನನ್ನ ಸೊಂಟ ಬೀಳುತ್ತಿತ್ತು, ಇವರಿಗೆ ಮಾತ್ರ ಆಳಿನ ಮೇಲೆ ಆಳು! ಆದರೆ ಸಂಜೆ ಸಾಲೆ ಬಿಟ್ಟ ಮೇಲೆ ಏನು ಕಂಡೆ ಅಂತೀರಿ? ಅಕ್ಕೋರು ಒಂದು ತಗಡಿನ ಡಬ್ಬಿ ತೆಗೆದು, ಆರಿಸಿಟ್ಟ ಅಷ್ಟೂ ಕಲ್ಲನ್ನು ಹಸನಾದ ಜೋಳದಲ್ಲಿ ಸುರಿದು ಎರಡೂ ಕೈಯಿಂದ ಕಲೆಸುತ್ತಿದ್ದರು!

"ಅಯ್ಯ, ನಿಮಗೇನು ಹುಚ್ಚ ಹಿಡದೈತೇನ್ರಿ?"

"ಏ ಹುಡುಗಿ," ಎಂದರು. ನನಗಾಗ ಒಂದು ಮಗುವಾಗಿತ್ತು, ಅವರಿಗೆ ನಾನು ಇನ್ನೂ ಹುಡುಗಿಯೇ. "ಹಸನಾದ ಜ್ವಾಳ ಮುಂದಿಟ್ರ ನಾಳಿ ಬರೂ ಹುಡುಗಿ ಎಲ್ಲಿ ನೋಡಬೇಕು? ನನ್ನ ಮಾರಿ ನೋಡಬೇಕಾಗ್ತೈತಿ. ಎದುರಿನವರ ಮಾರಿ ನೋಡ್ಕೋತ ಯಾರರೆ ಖರೇ ಹೇಳ್ತಾರೇನು?"

ಹಾಗಾದರೆ ಮನೆಯಲ್ಲಿ ರೊಟ್ಟಿಗೆ ಏನು ಮಾಡುತ್ತಿದ್ದರು? ಹಿಟ್ಟು ಕೊಂಡು ತರುತ್ತಿದ್ದರು! ಈ ಸುದ್ದಿ ಕೇಳಿ ನಮ್ಮ ಅತ್ತೆ ಎರಡು ದಿನ ಇಂಡಿಯಲ್ಲಿದ್ದ ಮಗಳ ಹೆಸರಿನಲ್ಲಿ ದೃಷ್ಟಿ ತೆಗೆದರು.

ಇಂಡಿಯಿಂದ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಬಸ್ಸಿನಲ್ಲಿ ಕಂಡಕ್ಟರ್ ಜೋಳದ ಚೀಲಕ್ಕೆ ಲಗೇಜು ಕೇಳಿದನಂತೆ. "ಅದು ನನ್ನ ಆಫೀಸ್ ಐತ್ಯೋ ತಮ್ಮಾ. ಸರಕಾರಿ ಆಫೀಸಿಗೆ ಟಿಕೀಟ್ ಹರೀತಿ ಏನು?" ಎಂದರಂತೆ. ಅವನು ದುಡ್ಡು ಕೇಳದೆ ಮುಂದೆ ಹೋದನಂತೆ. ನಾನು ಒಂದು ಬುಟ್ಟಿ ಬದನೆಕಾಯಿ ಒಯ್ದರೂ ನನ್ನ ಕೈಯಿಂದ ಬಿಡದೆ ವಸೂಲು ಮಾಡುವ ಕಂಡಕ್ಟರು!

ಮುದ್ದೇಬಿಹಾಳದಲ್ಲಿ ಗರಡಿಮನೆಯ ಹುಡುಗನೊಬ್ಬ ಅಕ್ಕೋರ ಕೋಣೆಯಲ್ಲಿ ಕಲ್ಲು ಆರಿಸುತ್ತಾನೆ ಎಂದು ಊರಲ್ಲಿ ಸುದ್ದಿಯಾಯಿತು. ಅವನ ಅಪ್ಪ ರುಮಾಲು ಸುತ್ತಿ, ಮೀಸೆ ತಿರುವಿ ಜಗಳಕ್ಕೇ ಬಂದ. "ನನ್ನ ಮಗಗ ಹೆಂಗಸರ ಕೆಲಸ ಹಚ್ಚೀರೇನ್ರಿ? ನಾಳಿ ಅವಾ ಕುಸ್ತಿ ಹ್ಯಾಂಗ ಆಡ್ತಾನ?" ಅಕ್ಕೋರು "ಕುಂಡರ್ರಿ ಗೌಡ್ರ" ಎಂದು ಮೊರ ಸರಿಸಿದರು. ನಿಂತು ಬೈದ, ಕುಳಿತು ಬೈದ. ಬೈಯುತ್ತ ಬೈಯುತ್ತ ಬೆರಳು ತಾನೇ ಒಂದು ಕಲ್ಲು ಎತ್ತಿತು. ಮುಂದೆ ಏನಾಯಿತೋ, ಬೈಗುಳ ನಿಂತು, ಸತ್ತ ಹೆಂಡತಿಯ ಮಾತು ಬಂತು, ತಾಯಿಯಿಲ್ಲದ ಮಗನ ಜೊತೆ ಏನು ಮಾತಾಡಬೇಕೋ ತಿಳಿಯುವುದಿಲ್ಲ ಎಂಬ ಮಾತು ಬಂತು. ಎದ್ದಾಗ ರುಮಾಲಿನ ಸೆರಗಿನಿಂದ ಕಣ್ಣು ಒರೆಸಿಕೊಂಡು ಕೇಳಿದನಂತೆ: "ಅಕ್ಕೋರ, ನಾಳಿ ನಾನೂ ಎಷ್ಟೊತ್ತಿಗೆ ಬರ್ಲಿ?"

ಸಿಂದಗಿಯಲ್ಲಿ ಇನ್ನೊಂದು. ಅಲ್ಲಿಯ ಒಬ್ಬ ಅಂಗಡಿಯವನು ಬಹಳ ಪ್ರಾಮಾಣಿಕ, ಜೋಳ ಸೋಸಿ ಮಾರುತ್ತಿದ್ದ. ಹಳೆಯ ಜೋಳಕ್ಕೆ ನುಸಿ ಹತ್ತಿ ಅವನಲ್ಲಿ ಹೊಸದು ಕೊಂಡಿದ್ದ ಅಕ್ಕೋರು ಆ ಚೀಲ ಒಯ್ದು ಅವನ ಮುಂದೆ ಇಟ್ಟು ಗದ್ದಲ ಎಬ್ಬಿಸಿದರು. "ಏನಪಾ, ಇದರಾಗ ಒಂದ ಕಲ್ಲಿಲ್ಲ! ಹಿಂಗ ಮಾಡಿದ್ರ ನನ್ನ ಹುಡುಗ್ರ ಗತಿ ಏನಾಗಬೇಕು?" ಅವನು ಗಲ್ಲದ ಮೇಲೆ ಕೈಯಿಟ್ಟ. "ಅಕ್ಕೋರ, ನಮ್ಮಪ್ಪನ ಕಾಲದಿಂದ ಕಲ್ಲು ಅದಾವಂತ ಬೈಸ್ಕೊಂಡೀವ್ರಿ. ಕಲ್ಲಿಲ್ಲಂತ ಬೈದವರು ನೀವೊಬ್ಬರ!"

ಇಲ್ಲಿಯತನಕ ನಗುತ್ತಿದ್ದೆ ನಾನು. ದೂರದ ಹುಚ್ಚು ಯಾರಿಗೂ ತ್ರಾಸು ಕೊಡುವುದಿಲ್ಲ. ಆಮೇಲೆ ನನ್ನ ಹಣೆಬರಹ, ಅಕ್ಕೋರಿಗೆ ಬಸವನ ಬಾಗೇವಾಡಿಗೇ ವರ್ಗವಾಯಿತು, ನಾವಿದ್ದ ಊರಿಗೆ. ನನ್ನ ಮಗಳು ಶೈಲಾ ಆಗ ಒಂಬತ್ತನೇ ಇಯತ್ತೆ, ಅದೇ ಸಾಲೆ.

ಶೈಲಾ ಅಂದರೆ ಎಂಥವಳು ಗೊತ್ತೇ? ಇರುವೆ ಕಚ್ಚಿದರೂ ಬಂದು ಯಾವ ಇರುವೆ, ಎಲ್ಲಿ ಕಚ್ಚಿತು, ಆಮೇಲೆ ಅದು ಯಾವ ಕಡೆ ಹೋಯಿತು ಎಂದು ನನ್ನ ಸೆರಗು ಹಿಡಿದು ಹೇಳಿದವಳು. ಸಾಲೆಯಿಂದ ಬಂದವಳು ಒಲೆಯ ಮುಂದೆ ಕುಳಿತು ಬಾಯಿ ಬಿಟ್ಟರೆ ರೊಟ್ಟಿ ಮುಗಿಯುವತನಕ ಮುಚ್ಚುತ್ತಿರಲಿಲ್ಲ. ಅಂಥ ಮಗಳು ಈಗ ತಡವಾಗಿ ಮನೆಗೆ ಬರತೊಡಗಿದಳು.

"ಎಲ್ಲಿದ್ದಿ?"

"ಅತ್ತೀ ಕಡೆ."

"ಏನ್ ಮಾತಾಡಿದ್ರಿ?"

"ಏನಿಲ್ಲ."

ಏನಿಲ್ಲ! ನನ್ನ ಎದೆಯಲ್ಲಿ ಯಾರೋ ಮೆಣಸಿನಕಾಯಿ ಅರೆದ ಹಾಗಾಯಿತು. ಮನೆಯಲ್ಲಿ ಒಂದು ಹಿಡಿ ಜೋಳ ಆರಿಸು ಎಂದರೆ ಓದುವುದಿದೆ ಎನ್ನುವ ಹುಡುಗಿ ಅಲ್ಲಿ ಮೊರಗಟ್ಟಲೆ ಆರಿಸುತ್ತಾಳೆ! ಯಾಕೆ, ನಮ್ಮ ಮನೆಯಲ್ಲಿ ಜೋಳವಿಲ್ಲವೇ? ನನಗೆ ಕಿವಿಯಿಲ್ಲವೇ? ಮರುದಿನವೇ ಚಾಪೆ ಹಾಸಿ, ಮೊರ ತುಂಬಿ, ಅವಳನ್ನು ಕೂಡಿಸಿದೆ. "ಹೂಂ, ಆರ್ಸು. ಆರ್ಸಕೋತ ಹೇಳು, ಏನೈತಿ ನಿನ್ನ ಮನಸ್ಸಿನ್ಯಾಗ? ಹೇಳೂತನಾ ಏಳಾಕ ಬಿಡಂಗಿಲ್ಲ."

ಹುಡುಗಿ ಮೊರವನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ನೋಡಿ, "ಅವ್ವಾ, ಇದರಾಗ ಕಲ್ಲs ಇಲ್ಲ" ಎಂದಳು.

ಎಲ್ಲಿಂದ ಇರಬೇಕು? ಬೆಳಿಗ್ಗೆ ನಾನೇ ಹಸನು ಮಾಡಿಟ್ಟಿದ್ದೆ! ಹಟಕ್ಕೆ ಬಿದ್ದು ಅಂಗಳದ ಉಸುಕಿನ ಹರಳು ತಂದು ಬೆರೆಸಿದೆ. ಅದು ಹೇಗೋ ಗಿರಣಿಗೆ ಹೋಗುವ ಚೀಲದಲ್ಲಿ ಸೇರಿತು. ಹಿಟ್ಟು ಬೀಸಿ ಬಂದ ದಿನ ಊಟದ ಮಧ್ಯೆ ನಮ್ಮ ಯಜಮಾನರ ದವಡೆಯಲ್ಲಿ ಕಟಕ್ ಎಂದ ಸಪ್ಪಳ ಕೇಳಿ ಅತ್ತೆ ಯಾರೋ ಬಂದರೆಂದು ಬಾಗಿಲು ನೋಡಿದರು. ಅರ್ಧ ಹಲ್ಲು ಕೈಯಲ್ಲಿ ಹಿಡಿದ ಯಜಮಾನರು, "ನಮ್ಮಕ್ಕನ ಹುಚ್ಚು ನಿನಗೂ ಬಡೀತೇನs?" ಎಂದರು. ತಮ್ಮನ ಹಲ್ಲು ಹೋದರೂ ಅಕ್ಕನಿಗೆ ಬೈಗುಳವಿಲ್ಲ, ಕೆಟ್ಟವಳು ನಾನು!

ಒಂದು ಸಂಜೆ ಶೈಲಾ ಕಣ್ಣು ಊದಿಸಿಕೊಂಡು ಬಂದಳು. ಅತ್ತದ್ದು ಸ್ಪಷ್ಟವಿತ್ತು. ಕೇಳಿದರೆ "ಏನಿಲ್ಲ". ಹೆತ್ತವಳಿಗೆ ಹೇಳದ ಅಳು ಎಂಥದು? ಮರುದಿನ ಸಾಲೆ ಬಿಡುವ ಹೊತ್ತಿಗೆ ನೆಟ್ಟಗೆ ಅಕ್ಕೋರ ಕೋಣೆಗೆ ನುಗ್ಗಿದೆ.

"ನನ್ನ ಮಗಳು ನಿಮ್ಮ ಮುಂದ ಏನ್ ಹೇಳ್ಯಾಳ? ಹೇಳ್ರಿ!"

ಅಕ್ಕೋರು ಮೊರ ಸರಿಸಿದರು.

"ಈ ಆಟ ನನ್ನ ಮುಂದ ನಡ್ಯಂಗಿಲ್ರಿ. ನಂಗ ಎಲ್ಲಾ ಗೊತ್ತೈತಿ."

"ಗೊತ್ತಿದ್ರ ಛಲೋನ ಆತು. ಕುಂಡರು."

ಕುಳಿತೆ. ಕೈ ಹಚ್ಚಬಾರದು ಎಂದು ಹಟ. ಆದರೆ ಹೇಳಿ, ಕಲ್ಲು ತುಂಬಿದ ಜೋಳ ಮುಂದಿದ್ದಾಗ ನಮ್ಮ ಕಡೆಯ ಯಾವ ಹೆಣ್ಣುಮಗಳ ಕೈ ಸುಮ್ಮನಿರುತ್ತದೆ? ಒಂದು ತೆಗೆದೆ, ಇನ್ನೊಂದು ತೆಗೆದೆ. ಯಾವಾಗ ಬಾಯಿ ತೆರೆಯಿತೋ ತಿಳಿಯಲಿಲ್ಲ. "ನಿಮ್ಮನ್ನ ಕಂಡ್ರ ನಂಗ ಮೈಯೆಲ್ಲಾ ಉರೀತೈತ್ರಿ. ಅಕೀ ನನ್ನ ಮಗಳು. ಎಲ್ಲಾ ನನಗs ಹೇಳಾಕಿ. ನಾ ಕೇಳಿಕೇಳಿ ಸಾಯ್ತೀನಿ, ನಂಗ ಏನಿಲ್ಲ ಅಂತಾಳ. ನೀವು ಕೇಳೂದs ಇಲ್ಲ, ನಿಮಗ ಎಲ್ಲಾ ಹೇಳ್ತಾಳ!" ಎನ್ನುತ್ತ ಮೊರದ ಮೇಲೆ ಕಣ್ಣೀರು ಸುರಿಸಿದೆ.

ಶೈಲಾಳ ಗುಟ್ಟು ಏನಿತ್ತು ಎಂದು ನಿಮಗೂ ಕುತೂಹಲ ಅಲ್ಲವೇ? ಅಕ್ಕೋರು ಕೊನೆಗೂ ಬಾಯಿ ಬಿಡಲಿಲ್ಲ. ಶೈಲಾಳೇ ಒಂದು ವಾರದ ಮೇಲೆ, ನಾನು ಮೆಂತ್ಯೆಪಲ್ಲೆ ಸೋಸುವಾಗ ಪಕ್ಕದಲ್ಲಿ ಕುಳಿತು ಹೇಳಿದಳು. ಗಣಿತದಲ್ಲಿ ನಪಾಸು! ಮಗಳು ಡಾಕ್ಟರ್ ಆಗುತ್ತಾಳೆ ಎಂದು ನಾನು ಓಣಿತುಂಬ ಸಾರಿದ್ದೆನಲ್ಲ, ಅವ್ವ ಈಗ ಹೊರಗೆ ಹೇಗೆ ಮುಖ ತೋರಿಸುತ್ತಾಳೆ ಎಂದು ಅಳುತ್ತಿದ್ದಳಂತೆ. ಹುಚ್ಚು ಹುಡುಗಿ.

ಆದರೆ ಆ ಸಂಜೆ ನನಗೆ ಅದು ಗೊತ್ತಿರಲಿಲ್ಲ. ಸಾಲೆಯ ಗಂಟೆ ಹೊಡೆಯಿತು. ಮಕ್ಕಳು ಕೂಗುತ್ತ ಗೇಟಿನ ಕಡೆ ಓಡಿದರು. ಅಕ್ಕೋರು ಕಿಟಕಿಯಿಂದ ಅದನ್ನು ನೋಡುತ್ತ ಮಾತಾಡಿದರು.

"ನೋಡs ಹುಡುಗಿ, ನಾಕ ಊರಾಗ ಎಷ್ಟು ಹುಡುಗ್ರು ಇಲ್ಲಿ ಕುಂತು ಅತ್ತಾರೋ. ಅತ್ತು ಹಗರಾದ ಕೂಡಲೇ ಎದ್ದು ಓಡ್ತಾರ. ಅವ್ವ ಹಾದಿ ನೋಡ್ತಿರ್ತಾಳಂತ. ನಿನ್ನಿ ಶೈಲಾನೂ ಓಡಿದ್ಲು. ಮನಿಗೆ ಬಾರವಾ, ಚಾ ಮಾಡ್ತೀನಿ ಅಂದೆ. ಒಲ್ಲೆ ಅತ್ತಿ, ಅವ್ವ ರೊಟ್ಟಿ ಬಡೀತಿರ್ತಾಳ ಅಂದ್ಲು." ಕಿಟಕಿಯಿಂದ ಈ ಕಡೆ ತಿರುಗಿದರು. "ನನ್ನ ಮನಿಗೆ ಯಾರೂ ಓಡಿ ಬರಂಗಿಲ್ಲ. ನಿನ್ನ ಕಂಡ್ರ ನಂಗ ಹೊಟ್ಟಿಕಿಚ್ಚು ಆಗಂಗಿಲ್ಲ ಅಂತ ತಿಳದಿ ಏನು?"

ನಾನು ತಲೆ ಎತ್ತುವವಳಿದ್ದೆ. ಅಷ್ಟರಲ್ಲಿ ಕಂಡಿತು: ಮೊರದಲ್ಲಿ ನನ್ನ ಕೈಯ ಎದುರಿಗೆ ಇನ್ನೊಂದು ಕೈ. ಅಷ್ಟು ವರ್ಷ ಒಂದು ಕಲ್ಲನ್ನೂ ಆರಿಸದ ಅಕ್ಕೋರು ಕತ್ತು ಬಗ್ಗಿಸಿ, ಒಂದೊಂದೇ ಕಲ್ಲು ಆರಿಸಿ ಡಬ್ಬಿಗೆ ಹಾಕುತ್ತಿದ್ದರು.

ಅವರ ಮುಖ ನೋಡಲಿಲ್ಲ ನಾನು. ಮೊರದಲ್ಲಿ ಕಲ್ಲು ಮುಗಿಯುತ್ತ ಬಂದಿದ್ದವು. ಡಬ್ಬಿಗೆ ಕೈ ಹಾಕಿ, ಒಂದು ಹಿಡಿ ಕಲ್ಲು ತೆಗೆದು, ಸಪ್ಪಳವಾಗದ ಹಾಗೆ ಅವರ ಕಡೆಯ ಜೋಳದಲ್ಲಿ ಬೆರೆಸಿದೆ.