ಎಣ್ಣೆ ಬಿಟ್ಟು ಗುಣವಾದದ್ದು

ಮನಸ್ಸಿನ ಕಾಯಿಲೆಗೆ ಹೊಟ್ಟೆಯನ್ನು ದೂರುವುದು ಬಹಳ ಅನುಕೂಲ, ಹೊಟ್ಟೆ ಎದುರುತ್ತರ ಕೊಡುವುದಿಲ್ಲ. ಗಣಿಯ ದುಡ್ಡು ಹೊಸಪೇಟೆಯ ಬೀದಿಗಳಲ್ಲಿ ಧೂಳೆಬ್ಬಿಸುತ್ತಿದ್ದ ವರ್ಷಗಳವು. ಹೈಸ್ಕೂಲು ಮಾಸ್ತರನಾದ ನನಗೆ ಕಾರಣವಿಲ್ಲದೆ ಬೇಸರ ಹಿಡಿಯಿತು. ಕಾರಣವಿಲ್ಲ ಎಂದೇ ನಾನು ನಂಬಿದ್ದೆ. ನನ್ನ ಜೊತೆ ಓದಿ, ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ಎದುರುಮನೆಯ ಬಸಣ್ಣ ಸಂಡೂರಿನ ಅದಿರು ಹೊರಲು ಲಾರಿ ತಂದ ವಾರವೇ ಅದು ಶುರುವಾದದ್ದು ಬರೀ ಕಾಕತಾಳೀಯ. ಅವನ ಎರಡನೇ ಲಾರಿ ಬಂದಾಗ ನನಗೆ ಊಟವೂ ಸೇರದಾಯಿತು.

ಅಷ್ಟರಲ್ಲಿ ಪತ್ರಿಕೆಯ ಪುರವಣಿಯಲ್ಲೊಂದು ಲೇಖನ ಓದಿದೆ. ಕರಿದ ತಿಂಡಿ, ವನಸ್ಪತಿಯಂಥ ಕೆಟ್ಟ ಕೊಬ್ಬು ಹೆಚ್ಚಾದರೆ ಮನಸ್ಸು ಮಂಕಾಗಬಹುದಂತೆ. ಪಾಪ, ಲೇಖಕರು ಅಂಜುತ್ತ 'ಆಗಬಹುದು' ಎಂದು ಬರೆದದ್ದನ್ನು ನಾನು 'ಆಗೇ ಆಗುತ್ತದೆ' ಎಂದು ತಿದ್ದಿಕೊಂಡೆ. ಮಾಸ್ತರನ ಕೈ, ಸುಮ್ಮನಿರುವುದಿಲ್ಲ. ಒಳ್ಳೆಯ ಕೊಬ್ಬೂ ಉಂಟು ಎಂಬ ಭಾಗ ಮುಂದಿನ ಪುಟದಲ್ಲಿತ್ತು, ಪುಟ ತಿರುವಲಿಲ್ಲ. ಮರುದಿನದಿಂದ ಮನೆಯಲ್ಲಿ ಎಣ್ಣೆ ಬಂದ್. ಸಂಜೆಯ ಮಿರ್ಚಿ ಭಜಿ ಹೋಯಿತು, ಒಗ್ಗರಣೆ ಮಂಡಕ್ಕಿಯ ಒಗ್ಗರಣೆಯೂ ಹೋಯಿತು.

"ಎಣ್ಣಿ ಇಲ್ದ ಒಗ್ಗರಣಿ ಹೆಂಗ ಹಾಕ್ಲಿರಿ? ಸಾಸಿವಿ ಬದ್ಲಿ ನಾನ ಬಾಯಿಲೆ ಚಟಪಟ ಅನ್ಲೇನು?" ಎಂದಳು ಹೆಂಡತಿ ಶಾಂತಾ.

ತಿಂಗಳು ಪೂರ್ತಿ ಒದ್ದೆ ಮಂಡಕ್ಕಿ ತಿಂದೆ. ಬೇಸರ ಹೋಗಲಿಲ್ಲ, ಅವಳಿಗೂ ಅಂಟಿತು. ಕೊನೆಗೆ ಅವಳು, "ಇನ್ನ ಎಂಟು ದಿನ ನೋಡ್ತೀನಿ. ಅಷ್ಟರಾಗ ನೀವು ನಗಲಿಲ್ಲಂದ್ರ ಶೇಂಗಾ ಎಣ್ಣಿ ಡಬ್ಬಿ ಹೊರಗ ಬರ್ತೈತಿ" ಎಂದಳು. ಮಿರ್ಚಿಯ ಆಸೆಗೆ ನಾನೂ ಮುಖ ಗಂಟಿಕ್ಕಿಕೊಂಡೇ ದಿನ ಎಣಿಸತೊಡಗಿದೆ.

ಏಳನೆಯ ದಿನ ಸಂಜೆ ಶಾಂತಾ ನಲ್ಲಿಗೆ ಹೋಗಿದ್ದಾಗ ಬಸಣ್ಣ ಬಂದು ಕಟ್ಟೆಯ ಮೇಲೆ ಕುಕ್ಕರಿಸಿದ.

"ಲೇ ಮಾಸ್ತರ, ಭಾಳ ಬ್ಯಾಸರ ಆಗೇತೋ. ಉಂಡದ್ದು ರುಚಿ ಹತ್ತವಲ್ದು, ನಿದ್ದಿ ಬರವಲ್ದು."

"ಯಾವಾಗಿಂದಲೋ?"

"ಕಂಪ್ಲ್ಯಾಗ ನಮ್ಮ ಷಡ್ಡಕ ಐದನೇ ಲಾರಿ ತಂದಾಗಿಂದ."

ನಾನು ಮರುಗಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು. ತಿಂಗಳುಗಟ್ಟಲೆ ಎದೆಯ ಮೇಲೆ ನಿಂತಿದ್ದ ಎರಡೂ ಲಾರಿಗಳು ಹೊರಟುಹೋದವು. "ಎಣ್ಣಿ ಬಿಡೋ, ಎಲ್ಲಾ ಸರಿ ಹೋಗ್ತೈತಿ" ಎಂದು ಬೆನ್ನು ತಟ್ಟಿ ಕಳಿಸಿ, ಸಿಳ್ಳೆ ಹಾಕುತ್ತ ಎರಡು ತಟ್ಟೆ ಒದ್ದೆ ಮಂಡಕ್ಕಿ ಬಾರಿಸಿದೆ.

ಕೊಡ ಹೊತ್ತು ಬಂದ ಶಾಂತಾ ಬಾಗಿಲಲ್ಲೇ ನಿಂತಳು. ಅವಳ ಕಣ್ಣು ತುಂಬಿ ಬಂತು. "ಗುಣ ಆತಲ್ರಿ! ನಾ ಸುಮ್ನ ಬೈಕೊಂಡೆ, ಪೇಪರ್ನ್ಯಾಗ ಬರ್ದದ್ದು ಖರೇನ ಐತಿ. ಇನ್ನ ಈ ಮನ್ಯಾಗ ಎಣ್ಣಿ ಸುದ್ದೀನ ಬ್ಯಾಡ."

ಗುಣವಾದದ್ದು ಹೇಗೆಂದು ಬಾಯಿಬಿಟ್ಟಿದ್ದರೆ ಆವತ್ತೇ ಮಿರ್ಚಿ ಸಿಗುತ್ತಿತ್ತು. ಬಾಯಿ ಬಿಡಲಿಲ್ಲ. ಇವತ್ತಿಗೂ ಒದ್ದೆ ಮಂಡಕ್ಕಿಯನ್ನೇ ತಿನ್ನುತ್ತಿದ್ದೇನೆ, ಅದೂ ಅವಳೆದುರು ನಗುನಗುತ್ತ.